ಕಣದ ಮೂಲೆಯ ಹಳೆಯ ರೂಟರ್: ಕೊಡಗಿನ ಹೋಂಸ್ಟೇಯೊಂದರ ವೈ-ಫೈ ಪ್ರಕರಣ

ಕೊಡಗಿನ ಹೋಂಸ್ಟೇಗಳಿಗೆ, ತೋಟದ ಕಚೇರಿಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ನನ್ನ ಕಸುಬು. ಈ ಪ್ರಕರಣವನ್ನು ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಕಟ್ಟಡಗಳ ವಿವರ, ಕುಟುಂಬದ ಸಂಗತಿ ಮುಂತಾಗಿ ಗುರುತು ಹತ್ತುವಂಥದ್ದನ್ನೆಲ್ಲ ಬದಲಿಸಿದ್ದೇನೆ. ತಾಂತ್ರಿಕ ವಿಷಯಗಳು ಮಾತ್ರ ಇದ್ದದ್ದು ಇದ್ದ ಹಾಗೆಯೇ ಇವೆ. ವೈ-ಫೈಗೆ ಬೀಗ ಹಾಕುವ ಭದ್ರತಾ ವಿಧಾನಗಳಾದ ವೆಪ್, ಡಬ್ಲ್ಯೂಪಿಎ, ಡಬ್ಲ್ಯೂಪಿಎ2, ಡಬ್ಲ್ಯೂಪಿಎ3 ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವವರು ಬಹಳ. ಅದಕ್ಕೆ ಉತ್ತರ ಸುಲಭ, ಕೊನೆಯದು. ನಮ್ಮ ಮನೆಯಲ್ಲಿರುವ ಅತಿ ಹಳೆಯ ಯಂತ್ರಕ್ಕೆ ಯಾವುದು ಗೊತ್ತು, ಅದಕ್ಕಾಗಿ ಮಿಕ್ಕವರೆಲ್ಲ ಎಷ್ಟು ಬೆಲೆ ತೆರುತ್ತಿದ್ದೇವೆ ಎಂದು ಯಾರೂ ಕೇಳುವುದಿಲ್ಲ. ಈ ಮನೆಯಲ್ಲಿ ನಡೆದದ್ದೆಲ್ಲ ಆ ಕೇಳದ ಪ್ರಶ್ನೆಯ ಸುತ್ತಲೇ.

ಹಿನ್ನೆಲೆ

ತೋಟ ಇಳಿಜಾರಿನಲ್ಲಿದೆ. ಎತ್ತರದಲ್ಲಿ ಹೆಂಚಿನ ಹಳೆಯ ಬಂಗಲೆ. ಅದರ ಕೆಳಗೆ ಸಿಲ್ವರ್ ಓಕ್ ಮರಗಳ ನಡುವೆ ಅತಿಥಿಗಳ ಕಾಟೇಜ್‌ಗಳು. ಇನ್ನೂ ಕೆಳಗೆ, ರಸ್ತೆಗೆ ಹತ್ತಿಕೊಂಡಂತೆ ಕಾಫಿ ಒಣಗಿಸುವ ಕಣ, ಕಣದ ಮೂಲೆಯಲ್ಲಿ ಸ್ಟೋರ್. ಕಾರ್ಮಿಕರ ಲೈನ್‌ಮನೆಗಳು ಗುಡ್ಡದ ಆಚೆ ಬದಿಗೆ. ಮೊಬೈಲ್ ಸಿಗ್ನಲ್ ಸಿಗುವುದು ಬಂಗಲೆಯ ಮೆಟ್ಟಿಲ ಮೇಲೆ ಮಾತ್ರ, ಅದೂ ಮಳೆ ಹಿಡಿಯದಿದ್ದರೆ. ಹಾಗಾಗಿ ಅತಿಥಿಗಳು ಯುಪಿಐನಲ್ಲಿ ಬಿಲ್ ಕಟ್ಟುವುದರಿಂದ ಹಿಡಿದು ಬೆಂಗಳೂರಿನಲ್ಲಿರುವ ಮಗ ಕ್ಯಾಮೆರಾದಲ್ಲಿ ಗೇಟು ನೋಡುವವರೆಗೆ ಎಲ್ಲವೂ ವೈ-ಫೈ ಮೇಲೆಯೇ ನಿಂತಿತ್ತು.

ಆ ವೈ-ಫೈಯನ್ನು ಯಾರೂ ಒಂದೇ ಸಲ ಕೂತು ಯೋಚಿಸಿ ಹಾಕಿದ್ದಲ್ಲ. ಮೊದಲು ದೂರವಾಣಿ ತಂತಿಯ ಬ್ರಾಡ್‌ಬ್ಯಾಂಡ್ ಬಂತು, ಆಮೇಲೆ ವಿದ್ಯುತ್ ಕಂಬಗಳ ಮೇಲೆ ಹಾದು ಫೈಬರ್ ಬಂತು. ಎಲ್ಲಿ ಸಿಗ್ನಲ್ ಸಾಲದೋ ಅಲ್ಲಿ ಇನ್ನೊಂದು ಡಬ್ಬಿ ತಂದು ಇಟ್ಟರು. ಬಂಗಲೆಯಲ್ಲಿ ಫೈಬರ್ ಕಂಪನಿಯ ರೂಟರ್, ಕಾಟೇಜ್‌ಗಳ ಬಳಿ ವೈ-ಫೈ ಹರಡುವ ಎರಡು ಆಕ್ಸೆಸ್ ಪಾಯಿಂಟ್, ಊಟದ ಮನೆಯಲ್ಲಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಎಕ್ಸ್‌ಟೆಂಡರ್, ಕಣದ ಮೂಲೆಯ ಸ್ಟೋರ್‌ನಲ್ಲಿ ಬ್ರಾಡ್‌ಬ್ಯಾಂಡ್ ಕಾಲದ ಹಳೆಯ ರೂಟರ್. ಒಂದೊಂದೂ ಒಂದೊಂದು ಕಾಲದ್ದು.

ಸ್ಟೋರ್‌ನ ರೂಟರ್‌ಗೆ ಒಂದು ಕಥೆಯಿದೆ. ತೋಟದ ಲೆಕ್ಕ ಬರೆಯುವ ರೈಟರ್ ದಿನವೂ ಸಂಜೆ ಹಣ್ಣಿನ ತೂಕ, ಆಳುಗಳ ಹಾಜರಿ ಎಲ್ಲವನ್ನೂ ಅಲ್ಲಿನ ಲ್ಯಾಪ್‌ಟಾಪಿನ ಚೆಕ್‌ರೋಲ್ ತಂತ್ರಾಂಶಕ್ಕೆ ತುಂಬಿಸುತ್ತಾರೆ. ಆ ತಂತ್ರಾಂಶ ಬರೆದವರು ಈಗ ಆ ಕೆಲಸದಲ್ಲಿಲ್ಲ. ಅದು ನಡೆಯುವುದು ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ. ಮೊದಲು ಬಂಗಲೆಯಿಂದ ಸ್ಟೋರ್‌ವರೆಗೆ ಲ್ಯಾನ್ ಕೇಬಲ್ ಎಳೆದಿದ್ದರು. ಒಂದು ಏಪ್ರಿಲ್‌ನ ಸಿಡಿಲಿಗೆ ಕೇಬಲ್‌ನ ಎರಡೂ ತುದಿಯ ಯಂತ್ರಗಳು ಸುಟ್ಟವು. ಲ್ಯಾಪ್‌ಟಾಪ್ ಆ ಹೊತ್ತಿಗೆ ಬೀರುವಿನಲ್ಲಿದ್ದದ್ದರಿಂದ ಉಳಿಯಿತು. ಅಂದಿನಿಂದ ಕೇಬಲ್ ಸಹವಾಸವೇ ಬೇಡವೆಂದು ಆಗ ಕೆಲಸ ಮಾಡಿದವರು ಹಳೆಯ ರೂಟರ್ ಇಟ್ಟು ವೈರ್‌ಲೆಸ್ ಮಾಡಿಕೊಟ್ಟರು. ರೂಟರ್ ಮತ್ತು ಬಂಗಲೆಯ ನಡುವಿನ ಕೊಂಡಿಗೆ ಛಾವಣಿಯ ಮೇಲೆ ಎರಡು ಆಂಟೆನಾ ಪೆಟ್ಟಿಗೆಗಳನ್ನು ಎದುರುಬದುರು ನಿಲ್ಲಿಸಿದರು. ಆ ಭಾಗ ಚೆನ್ನಾಗಿಯೇ ಇತ್ತು. ತೊಡಕಿದ್ದದ್ದು ಸ್ಟೋರ್‌ನ ಒಳಗೆ. ಲ್ಯಾಪ್‌ಟಾಪಿನ ವೈ-ಫೈ ಕಾರ್ಡಿಗೆ ವೆಪ್ ಬಿಟ್ಟು ಬೇರೆ ಯಾವ ಭದ್ರತೆಯೂ ತಿಳಿಯದು. ಅದಕ್ಕಾಗಿ ರೂಟರ್‌ನಲ್ಲಿ ವೆಪ್ ಹಾಕಿದರು, ಹೆಸರಿನ ಜಾಗದಲ್ಲಿ ತೋಟದ ಹೆಸರನ್ನೇ ಕೊಟ್ಟರು.

ಸಮಸ್ಯೆ ಎದುರಾದ ರಾತ್ರಿ

ಬಂಗಲೆಯ ಜಗಲಿಯಲ್ಲಿ ತಿರುಗುವ ಕ್ಯಾಮೆರಾ ಒಂದಿದೆ. ಅದರ ಮುಖ ಯಾವಾಗಲೂ ಗೇಟಿನತ್ತ. ಮಳೆಗಾಲದ ಒಂದು ಶನಿವಾರ ರಾತ್ರಿ, ಹನ್ನೊಂದೂವರೆ ದಾಟಿದ ಮೇಲೆ, ಕಾಟೇಜ್ ಒಂದರ ವರಾಂಡದಲ್ಲಿ ಕೂತಿದ್ದ ದಂಪತಿಗೆ ಕ್ಯಾಮೆರಾದ ಕೆಂಪು ದೀಪಗಳು ನಿಧಾನವಾಗಿ ತಮ್ಮತ್ತ ಹೊರಳಿದ್ದು ಕಂಡಿತು. ಅವರು ಎದ್ದು ಪಕ್ಕಕ್ಕೆ ಸರಿದರು. ಕ್ಯಾಮೆರಾ ಅವರ ಹಿಂದೆಯೇ ಸರಿಯಿತು. ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಹೊರಟರು.

ಮಾಲೀಕರು ನನಗೆ ಫೋನ್ ಮಾಡಿದಾಗ ಅವರಾಗಲೇ ಒಂದು ತೀರ್ಮಾನಕ್ಕೆ ಬಂದಿದ್ದರು. "ಲೈನ್‌ಮನೆಯ ಹುಡುಗರದ್ದೇ ಕೆಲಸ. ಅವರ ಕೈಯಲ್ಲಿ ಈಗ ಎಲ್ಲರಿಗೂ ದೊಡ್ಡ ದೊಡ್ಡ ಫೋನು. ನೀವು ಬಂದು ಯಾರದ್ದು ಎಂದು ಹಿಡಿದು ಕೊಡಿ, ಮುಂದಿನದು ನಾನು ನೋಡಿಕೊಳ್ಳುತ್ತೇನೆ" ಎಂದರು. "ನಾನು ಬಂದು ನೋಡುವವರೆಗೆ ಯಾರ ಫೋನನ್ನೂ ಕೇಳಬೇಡಿ ಸರ್, ಯಾವ ಯಂತ್ರವನ್ನೂ ಆರಿಸಬೇಡಿ" ಎಂದೆ. ಆರಿಸಬೇಡಿ ಎಂದದ್ದಕ್ಕೆ ಕಾರಣವಿತ್ತು. ಸಾಮಾನ್ಯ ಮನೆ ರೂಟರ್‌ಗಳ ಲಾಗ್, ಅಂದರೆ ಯಾರು ಯಾವಾಗ ಬಂದರೆಂಬ ದಾಖಲೆ, ಯಂತ್ರದ ತಾತ್ಕಾಲಿಕ ನೆನಪಿನಲ್ಲಿ ಮಾತ್ರ ಇರುತ್ತದೆ, ವಿದ್ಯುತ್ ಹೋದರೆ ಅಳಿದು ಹೋಗುತ್ತದೆ. ಕೊಡಗಿನ ಮಳೆಗಾಲದಲ್ಲಿ ವಿದ್ಯುತ್ತಿನ ವಿಷಯ ಹೇಳಬೇಕಾಗಿಲ್ಲ. ನಾನು ಹೋಗುವಷ್ಟರಲ್ಲಿ ಅದು ಹೋಗಿ ಬಂದಾಗಿತ್ತು.

ಉಳಿದಿದ್ದದ್ದು ಕ್ಯಾಮೆರಾಗಳ ರೆಕಾರ್ಡರ್‌ನ ಲಾಗ್, ಅದು ಹಾರ್ಡ್ ಡಿಸ್ಕಿನಲ್ಲಿರುತ್ತದೆ. ಆ ರಾತ್ರಿ ಯಾರೋ ಅಡ್ಮಿನ್ ಹೆಸರಿನಲ್ಲಿ ಒಳಬಂದು ನೇರ ದೃಶ್ಯ ನೋಡಿದ್ದರು, ಕ್ಯಾಮೆರಾ ತಿರುಗಿಸಿದ್ದರು. ಹಳೆಯ ರೆಕಾರ್ಡಿಂಗ್ ತೆರೆದದ್ದಾಗಲಿ, ನಕಲು ಮಾಡಿದ್ದಾಗಲಿ ಲಾಗ್‌ನಲ್ಲಿ ಇರಲಿಲ್ಲ. ರೆಕಾರ್ಡರ್‌ಗೆ ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡ್ ಹಾಗೆಯೇ ಇತ್ತು. ಅದನ್ನು ಮೊದಲು ಬದಲಿಸಿದೆ. ಆಮೇಲೆ ಒಳಬಂದವರ ವಿಳಾಸ ನೋಡಿದೆ. ಅದು ಯಾವ ಫೋನಿನ ವಿಳಾಸವೂ ಅಲ್ಲ, ಸ್ಟೋರ್‌ನ ಹಳೆಯ ರೂಟರ್‌ನದು. ಆ ರೂಟರ್ ತನ್ನ ಹಿಂದಿರುವ ಎಲ್ಲ ಯಂತ್ರಗಳನ್ನೂ ತನ್ನ ಒಂದೇ ವಿಳಾಸದಲ್ಲಿ ಹೊರಗೆ ತೋರಿಸುವಂತೆ ಕೂರಿಸಲಾಗಿತ್ತು. ಅಂದರೆ ಬಂದವರು ವೆಪ್ ಬಾಗಿಲಿನಿಂದಲೇ ಬಂದಿದ್ದಾರೆ. ರೈಟರ್ ಆ ಹೊತ್ತಿಗೆ ಸ್ಟೋರ್‌ಗೆ ಬೀಗ ಹಾಕಿ ಮನೆ ಸೇರಿದ್ದರು, ಲ್ಯಾಪ್‌ಟಾಪ್ ಬೀರುವಿನೊಳಗಿತ್ತು.

ಛತ್ರಿ ಹಿಡಿದು ನಡೆದದ್ದು

ಮಾಲೀಕರಿಗೆ ಲಾಗ್‌ನ ಸಾಲುಗಳನ್ನು ತೋರಿಸಿದರೆ ಸಮಾಧಾನವಾಗಲಿಲ್ಲ. "ಸರಿ, ಸ್ಟೋರ್‌ನಿಂದ ಬಂದಿದ್ದಾರೆ. ಲೈನಿನವರಿಗಲ್ಲದೆ ಸ್ಟೋರ್ ಹತ್ತಿರ ಇನ್ನಾರಿಗೆ ಕೆಲಸ?" ಎಂದರು. ಇಬ್ಬರೂ ಛತ್ರಿ ಹಿಡಿದು ತೋಟ ಸುತ್ತಲು ಹೊರಟೆವು. ನನ್ನ ಫೋನಿನಲ್ಲಿ ಸಿಗ್ನಲ್‌ನ ಬಲ ಅಳೆಯುವ ಆ್ಯಪ್ ತೆರೆದಿತ್ತು. ಲೈನ್‌ಮನೆಗಳ ಅಂಗಳದಲ್ಲಿ ನಿಂತಾಗ ಪಟ್ಟಿಯಲ್ಲಿ ತೋಟದ ಹೆಸರೇ ಇರಲಿಲ್ಲ, ನಡುವೆ ಗುಡ್ಡವಿದೆ. ಕಣದ ಹೊರಗೆ ರಸ್ತೆಗೆ ಇಳಿದ ಕೂಡಲೇ ಹೆಸರು ಮೂಡಿತು. ತಿರುವಿನ ಬಸ್ ತಂಗುದಾಣದ ಬೆಂಚಿನ ಮೇಲೆ ಕೂತು ನೋಡಿದರೆ ಬಂಗಲೆಯ ಊಟದ ಮನೆಯಲ್ಲಿ ಸಿಗುವುದಕ್ಕಿಂತ ಒಳ್ಳೆಯ ಸಿಗ್ನಲ್. ಇದರಿಂದ ಲೈನಿನ ಹುಡುಗರು ನಿರಪರಾಧಿಗಳೆಂದು ಸಾಬೀತಾಗುವುದಿಲ್ಲ, ಯಾರು ಬೇಕಾದರೂ ನಡೆದು ಬಂದು ಆ ಬೆಂಚಿನ ಮೇಲೆ ಕೂರಬಹುದು. ಆದರೆ ಬಸ್ಸಿಗೆ ಕಾಯುವ ಪ್ರತಿಯೊಬ್ಬರೂ ಅವರಷ್ಟೇ ಸಾಧ್ಯತೆ ಉಳ್ಳವರು ಎಂಬುದು ಮಾಲೀಕರಿಗೆ ಅಲ್ಲಿ ಕೂತಾಗ ಹೊಳೆಯಿತು. ಫೋನು ಕಸಿದುಕೊಳ್ಳುವ ಮಾತು ಮತ್ತೆ ಬರಲಿಲ್ಲ.

ಹಿಂದಿರುಗುವಾಗ ಗೇಟಿನ ಬಳಿ ನಿಂತು ವೆಪ್‌ನ ಕೀಲಿ ಏನಿತ್ತು ಎಂದು ಕೇಳಿದೆ. ಅವರಿಗೆ ನೆನಪಿಲ್ಲ. ರೈಟರ್‌ಗೆ ಫೋನ್ ಮಾಡಿದಾಗ ಅವರು ಹೇಳಿದರು: "ನಮ್ಮ ಸಾಹುಕಾರರ ಮೊಬೈಲ್ ನಂಬರೇ ಅಲ್ಲವೇ?"

ಇದು ಆ ಕಾಲದಲ್ಲಿ ಹಲವೆಡೆ ನಡೆದ ರೂಢಿ. 64 ಬಿಟ್ ವೆಪ್‌ನ ಕೀಲಿಗೆ ಹತ್ತು ಅಂಕಿ ಬೇಕು, ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳೂ ಎ ಯಿಂದ ಎಫ್‌ವರೆಗಿನ ಅಕ್ಷರಗಳೂ ನಡೆಯುತ್ತವೆ. ನಮ್ಮ ಮೊಬೈಲ್ ಸಂಖ್ಯೆಯೂ ಹತ್ತು ಅಂಕಿಯದೇ. ಹಾಕಿಕೊಟ್ಟವರಿಗೆ ಅನುಕೂಲ, ನೆನಪಿಡುವವರಿಗೂ ಅನುಕೂಲ. ನಾವು ನಿಂತಿದ್ದ ಗೇಟಿನ ಫಲಕದಲ್ಲಿ ತೋಟದ ಹೆಸರು, ಅದರ ಕೆಳಗೆ "ಕೊಠಡಿಗಳಿಗಾಗಿ ಸಂಪರ್ಕಿಸಿ" ಎಂದು ಬರೆದು ಅದೇ ಸಂಖ್ಯೆಯನ್ನು ರಾತ್ರಿಯೂ ಹೊಳೆಯುವ ಬಣ್ಣದಲ್ಲಿ ಹಾಕಿಸಿದ್ದರು.

ನಂಬರ್ ಬದಲಿಸಿದರೆ ಸಾಲದೇ?

ಮಾಲೀಕರು ಕೇಳಿದ ಮೊದಲ ಪ್ರಶ್ನೆ ಇದೇ, ಕೇಳಿದ್ದು ನ್ಯಾಯವಾಗಿಯೇ ಇತ್ತು. ಕೀಲಿ ಹೊರಗೆ ಗೊತ್ತಾಗಿದೆ, ಸರಿ. ಊಹಿಸಲಾಗದ ಬೇರೆ ಕೀಲಿ ಹಾಕಿ, ಲ್ಯಾಪ್‌ಟಾಪ್ ಹಾಗೆಯೇ ನಡೆಯಲಿ, ಖರ್ಚೂ ಇಲ್ಲ.

ಸಾಲದು. ವೆಪ್ ಬಂದದ್ದು 1990ರ ದಶಕದ ಕೊನೆಗೆ, ವೈರ್‌ಲೆಸ್ ನೆಟ್‌ವರ್ಕ್‌ಗಳ ಮೊದಲ 802.11 ಮಾನದಂಡದ ಜೊತೆಗೆ. ಅದು ಆರ್‌ಸಿ4 ಎಂಬ ಗೂಢಲಿಪಿ ವಿಧಾನ ಬಳಸುತ್ತದೆ. ಪ್ರತಿ ಪ್ಯಾಕೆಟ್‌ಗೂ, ಅಂದರೆ ಗಾಳಿಯಲ್ಲಿ ಹೋಗುವ ಮಾಹಿತಿಯ ಪ್ರತಿ ತುಣುಕಿಗೂ, ಕೀಲಿಯ ಮುಂದೆ 24 ಬಿಟ್‌ನ ಒಂದು ಬದಲಾಗುವ ಸಂಖ್ಯೆ ಸೇರಿಸುತ್ತದೆ, ಅದನ್ನು ಬಹಿರಂಗವಾಗಿಯೇ ಕಳಿಸುತ್ತದೆ. 24 ಬಿಟ್ ಎಂದರೆ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಹೆಚ್ಚು ಸಂಖ್ಯೆಗಳು. ಕೇಳಲು ದೊಡ್ಡದು, ಗಿಜಿಗುಡುವ ನೆಟ್‌ವರ್ಕ್‌ನಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿದು ಮತ್ತೆ ಅವೇ ಮರುಕಳಿಸುತ್ತವೆ. ಅದಕ್ಕಿಂತ ದೊಡ್ಡ ತೂತನ್ನು 2001ರಲ್ಲಿ ಫ್ಲುರರ್, ಮಂಟಿನ್, ಶಮಿರ್ ಎಂಬ ಮೂವರು ತೋರಿಸಿದರು. ಆ ಸಂಖ್ಯೆಗಳಲ್ಲಿ ಕೆಲವು ಕೀಲಿಯ ತುಣುಕುಗಳನ್ನೇ ಸೋರಿಸುತ್ತವೆ. 2007ರ ಹೊತ್ತಿಗೆ ಜರ್ಮನಿಯ ಸಂಶೋಧಕರು ದೊಡ್ಡದೆನಿಸಿದ 104 ಬಿಟ್ ಕೀಲಿಯನ್ನೂ ಒಂದು ನಿಮಿಷದೊಳಗೆ ಬಿಡಿಸಿದರು. ಸುಮಾರು 40,000 ಪ್ಯಾಕೆಟ್ ಸಿಕ್ಕರೆ ಅರ್ಧಕ್ಕರ್ಧ ಸಾಧ್ಯತೆ.

ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಹತ್ತುವುದಿಲ್ಲ. ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳ ಕಾರಣ ಈ ಕಾಗದವಿಲ್ಲದೆ ನಾನು ಯಾರ ನೆಟ್‌ವರ್ಕನ್ನೂ ಮುಟ್ಟುವುದಿಲ್ಲ. ಬಳಿಕ ಅವರ ಕೈಯಿಂದಲೇ ಉದ್ದದ ಹೊಸ ಕೀಲಿಯನ್ನು ನನಗೆ ಕಾಣದಂತೆ ಹಾಕಿಸಿದೆ. ರೈಟರ್ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಿದ್ದರು, ನಾನು ಬಾಗಿಲಾಚೆ ಕೂತೆ. ಮನೆಯ ಅಕ್ಕ ತಂದುಕೊಟ್ಟ ಕಾಫಿಯ ಲೋಟ ಖಾಲಿಯಾಗುವುದರೊಳಗೆ ಅವರ ಕೀಲಿಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಮಾಲೀಕರು ಚೀಟಿಯನ್ನೂ ನನ್ನನ್ನೂ ಒಂದೆರಡು ಸಲ ನೋಡಿದರು. ಆಮೇಲೆ ವೆಪ್ ಉಳಿಸುವ ಮಾತು ಬರಲಿಲ್ಲ.

ಒಂದು ಬಾಗಿಲನ್ನು ತೆರೆದೇ ಇಟ್ಟದ್ದು

ಇಲ್ಲಿ ನನ್ನ ಮುಂದೆ ಎರಡು ದಾರಿಗಳಿದ್ದವು. ಹಳೆಯ ರೂಟರನ್ನು ತಕ್ಷಣ ಕಿತ್ತುಹಾಕುವುದು ಒಂದು. ಅದನ್ನು ಬಂಗಲೆಯ ನೆಟ್‌ವರ್ಕ್‌ನಿಂದ ಬಿಡಿಸಿ, ಎಲ್ಲಿಗೂ ದಾರಿ ಕೊಡದ ಬರಿಯ ಡಬ್ಬಿಯಾಗಿ ಹಳೆಯ ಕೀಲಿಯೊಂದಿಗೇ ಬಿಟ್ಟು ಯಾರಾದರೂ ಬರುತ್ತಾರೆಯೇ ಎಂದು ನೋಡುವುದು ಇನ್ನೊಂದು. ಎರಡನೆಯದನ್ನೇ ಆರಿಸಿದೆವು. ವಿದ್ಯುತ್ ಹೋದರೂ ಲಾಗ್ ಉಳಿಯಲೆಂದು ಅದಕ್ಕೊಂದು ಪುಟ್ಟ ಯುಪಿಎಸ್ ಕೊಟ್ಟೆವು. ಚೆಕ್‌ರೋಲ್ ಕೆಲಸ ಅಷ್ಟು ದಿನ ಮತ್ತೆ ಪುಸ್ತಕಕ್ಕೆ ಬಂತು, ರೈಟರ್‌ಗೆ ಅದರಲ್ಲಿ ಖುಷಿಯೇ ಇದ್ದಂತಿತ್ತು.

ಮುಂದಿನ ಶನಿವಾರ ಕತ್ತಲಾದ ಮೇಲೆ ಒಂದು ಫೋನ್ ಅದಕ್ಕೆ ಜೋಡಣೆಗೊಂಡಿತು. ಇಂಟರ್‌ನೆಟ್ ಸಿಗದೆ ಸ್ವಲ್ಪ ಹೊತ್ತಿನಲ್ಲಿ ಬಿಟ್ಟುಹೋಯಿತು. ನಮಗೆ ಸಿಕ್ಕಿದ್ದು ಅದರ ಹಾರ್ಡ್‌ವೇರ್ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ, ಮಾತ್ರ. ಅದರ ಎರಡನೆಯ ಅಕ್ಷರ ನೋಡಿದಾಗ ಅದು ಕಾರ್ಖಾನೆಯಲ್ಲಿ ಕೊಟ್ಟ ನಿಜವಾದ ವಿಳಾಸವಲ್ಲ, ಫೋನು ತಾನೇ ಹುಟ್ಟಿಸಿಕೊಂಡದ್ದು ಎಂದು ತಿಳಿಯಿತು. ಆ ಜಾಗದಲ್ಲಿ 2, 6, ಎ ಅಥವಾ ಇ ಇದ್ದರೆ ಹಾಗೆಯೇ. ಕೆಲವು ವರ್ಷಗಳಿಂದ ಆಂಡ್ರಾಯ್ಡ್, ಐಫೋನ್ ಎರಡೂ ಬಳಕೆದಾರರ ಖಾಸಗಿತನಕ್ಕಾಗಿ ಒಂದೊಂದು ನೆಟ್‌ವರ್ಕ್‌ಗೆ ಒಂದೊಂದು ಹುಸಿ ವಿಳಾಸ ತೋರಿಸುತ್ತವೆ. ಹಾಗಾಗಿ ಯಾರು ಎಂಬುದು ಗೊತ್ತಾಗಲಿಲ್ಲ, ಇಂದಿಗೂ ಗೊತ್ತಿಲ್ಲ. ಆದರೆ ಇನ್ನೊಂದು ವಿಷಯ ಖಚಿತವಾಯಿತು. ಬರುವವರು ಗೂಢಲಿಪಿ ಮುರಿಯುವ ಪಂಡಿತರಾಗಿರಬೇಕಿಲ್ಲ, ಆ ಹತ್ತು ಅಂಕಿ ಗೊತ್ತಿರುವ ಯಾರೂ ಆಗಬಹುದು. ಮೊದಲು ಉಚಿತ ಇಂಟರ್‌ನೆಟ್‌ಗೆಂದು ಬಂದವರ ಕಣ್ಣಿಗೆ ಒಂದು ದಿನ ಕ್ಯಾಮೆರಾ ಬಿದ್ದಿರಬೇಕು ಎಂಬುದು ನನ್ನ ಊಹೆ. ರೂಟರನ್ನು ಆ ರಾತ್ರಿಯೇ ಕಿತ್ತೆವು.

ಇಷ್ಟರಲ್ಲಿ ಮನೆಯೊಳಗೆ ಬೇರೊಂದು ಚರ್ಚೆ ನಡೆದಿತ್ತು. ಹೊರಟುಹೋದ ದಂಪತಿಗೆ ನಿಜ ಹೇಳಬೇಕೇ ಬೇಡವೇ? ಮಾಲೀಕರಿಗೆ ವ್ಯಾಪಾರ ಕೆಡುವ ಭಯ. ತೀರ್ಮಾನ ಮಾಡಿದ್ದು ಅವರ ಹೆಂಡತಿ. ತಾವೇ ಫೋನ್ ಮಾಡಿ, ಯಾರೋ ಹೊರಗಿನವರು ಕ್ಯಾಮೆರಾ ನೋಡಿದ್ದಾರೆ, ದೃಶ್ಯ ನಕಲಾದ ಗುರುತು ರೆಕಾರ್ಡರ್‌ನಲ್ಲಿಲ್ಲ, ಆದರೆ ನೋಡಿದವರು ತಮ್ಮ ಫೋನಿನ ಪರದೆಯನ್ನೇ ಚಿತ್ರೀಕರಿಸಿಕೊಂಡಿದ್ದರೆ ಅದು ನಮಗೆ ತಿಳಿಯುವಂತಿಲ್ಲ, ನೀವು ಪೊಲೀಸರಿಗೆ ದೂರು ಕೊಡುವುದಾದರೆ ಲಾಗ್ ಕೊಡುತ್ತೇವೆ ಎಂದರು. ಕೊನೆಯ ಆ ವಾಕ್ಯ ಹೇಳಲು ಧೈರ್ಯ ಬೇಕು. ದಂಪತಿ ದೂರು ಕೊಡಲಿಲ್ಲ. ಲಾಗ್‌ನ ಪ್ರತಿಯನ್ನು ಮಾತ್ರ ತರಿಸಿಕೊಂಡರು.

ಮಿಕ್ಕ ಡಬ್ಬಿಗಳ ಸ್ಥಿತಿ

ವೆಪ್ ಹೋಯಿತೆಂದು ಕೆಲಸ ಮುಗಿಯಲಿಲ್ಲ. ಕಾಟೇಜ್‌ಗಳ ಆಕ್ಸೆಸ್ ಪಾಯಿಂಟ್‌ಗಳಲ್ಲಿ ಒಂದು "ಡಬ್ಲ್ಯೂಪಿಎ ಮತ್ತು ಡಬ್ಲ್ಯೂಪಿಎ2, ಟಿಕಿಪ್ ಮತ್ತು ಎಇಎಸ್" ಎಂಬ ಬೆರಕೆಯಲ್ಲಿತ್ತು. ಎಲ್ಲ ಫೋನೂ ಹಿಡಿಯಲಿ ಎಂದು ಯಾರೋ ಹಾಗೆ ಬಿಟ್ಟಿದ್ದರು. ಟಿಕಿಪ್ ಎಂಬುದು 2003ರಲ್ಲಿ ವೆಪ್‌ನ ಹಳೆಯ ಯಂತ್ರಗಳನ್ನು ಎಸೆಯದೆ ಒಂದಿಷ್ಟು ಕಾಲ ತಳ್ಳಲೆಂದು ಹಾಕಿದ ತೇಪೆ. ಒಳಗೆ ಅದೇ ಆರ್‌ಸಿ4. ಎಇಎಸ್ ಎಂಬ ಹೆಚ್ಚು ಬಲವಾದ ಗೂಢಲಿಪಿ ಆಧಾರದ ಡಬ್ಲ್ಯೂಪಿಎ2 ಬಂದದ್ದು 2004ರಲ್ಲಿ, 2006ರ ಮಾರ್ಚ್‌ನಿಂದ ವೈ-ಫೈ ಮುದ್ರೆ ಬೇಕೆನ್ನುವ ಹೊಸ ಯಂತ್ರಕ್ಕೆಲ್ಲ ಅದು ಕಡ್ಡಾಯ. ಬೆರಕೆ ಇಟ್ಟರೆ ಎಲ್ಲರಿಗೂ ಸೇರಿ ಹೋಗುವ ಸಂದೇಶಗಳು ಟಿಕಿಪ್‌ಗೇ ಇಳಿಯುತ್ತವೆ. ಟಿಕಿಪ್‌ನಲ್ಲಿ ಜೋಡಣೆಗೊಂಡ ಯಂತ್ರದ ವೇಗವೂ ಸೆಕೆಂಡಿಗೆ 54 ಮೆಗಾಬಿಟ್ ದಾಟದು. ಆ ಕಾಟೇಜಿನ ನೆಟ್ ನಿಧಾನ ಎಂಬ ಬಹುಕಾಲದ ದೂರಿಗೆ ಒಂದು ಕಾರಣ ಹೀಗೆ ಸಿಕ್ಕಿತು.

ಊಟದ ಮನೆಯ ಎಕ್ಸ್‌ಟೆಂಡರ್‌ನಲ್ಲಿ ಡಬ್ಲ್ಯೂಪಿಎಸ್ ಚಾಲೂ ಇತ್ತು. ಪಾಸ್‌ವರ್ಡ್ ಬದಲು ಎಂಟು ಅಂಕಿಯ ಪಿನ್ ಹೊಡೆದು ಸೇರಿಕೊಳ್ಳುವ ವ್ಯವಸ್ಥೆ ಅದು. ಕೊನೆಯ ಅಂಕಿ ಮೊದಲ ಏಳರ ತಾಳೆಗಾಗಿ ಇರುವುದು. ಮಿಕ್ಕದ್ದನ್ನು ಯಂತ್ರ ಎರಡು ಭಾಗವಾಗಿ ಪರೀಕ್ಷಿಸುತ್ತದೆ, ಮೊದಲ ನಾಲ್ಕು ಸರಿಯೇ ಎಂದು ಮೊದಲೇ ಹೇಳಿಬಿಡುತ್ತದೆ. ಹಾಗಾಗಿ ಹತ್ತು ಸಾವಿರಕ್ಕೆ ಒಂದು ಸಾವಿರ ಸೇರಿಸಿ 11,000 ಪ್ರಯತ್ನಗಳಲ್ಲಿ ಪಿನ್ ಸಿಕ್ಕೇ ಸಿಗುತ್ತದೆ. 2011ರಿಂದ ಜಗತ್ತಿಗೇ ಗೊತ್ತಿರುವ ಸಂಗತಿ. ಹೊರಗೆ ಎಷ್ಟೇ ಒಳ್ಳೆಯ ಡಬ್ಲ್ಯೂಪಿಎ2 ಇಟ್ಟರೂ ಇದನ್ನು ಬಿಟ್ಟರೆ ಗೇಟಿಗೆ ಬೀಗ ಜಡಿದು ಬೇಲಿ ಕಟ್ಟದೆ ಬಿಟ್ಟಂತೆ.

ಎಲ್ಲ ಕೊಠಡಿಗಳಲ್ಲೂ ಪ್ಲಾಸ್ಟಿಕ್ ಹೊದಿಸಿದ ಚೀಟಿಯಲ್ಲಿ ಒಂದೇ ಪಾಸ್‌ವರ್ಡ್, ಊರಿನ ಹೆಸರಿನ ಮುಂದೆ 123. ಅದೇ ಪಾಸ್‌ವರ್ಡ್ ಮನೆಯವರ ಕಚೇರಿ ಕಂಪ್ಯೂಟರಿಗೂ. ವರ್ಷಗಳಿಂದ ಬಂದುಹೋದ ಪ್ರತಿಯೊಬ್ಬ ಅತಿಥಿಯ ಫೋನಿನಲ್ಲೂ ಅದು ಉಳಿದಿರುತ್ತದೆ.

ಆಯ್ಕೆಗಳ ತೂಕ

ಬೆಂಗಳೂರಿನ ಮಗ ಸಾಫ್ಟ್‌ವೇರ್ ಉದ್ಯೋಗಿ. "ಎಲ್ಲಕ್ಕೂ ಡಬ್ಲ್ಯೂಪಿಎ3 ಒಂದನ್ನೇ ಹಾಕಿಬಿಡಿ, ಬೇರೇನೂ ಬೇಡ" ಎಂದು ಫೋನಿನಲ್ಲಿ ಪಟ್ಟು ಹಿಡಿದರು. ಅವರ ವಾದದಲ್ಲಿ ಹುರುಳಿತ್ತು. ಅದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೋಂಸ್ಟೇಯಂಥ ಜಾಗಕ್ಕೆ ಡಬ್ಲ್ಯೂಪಿಎ3 ಏಕೆ ಬೇಕೆಂಬ ಕಾರಣ ಸಾಮಾನ್ಯವಾಗಿ ಹೇಳುವುದಕ್ಕಿಂತ ಬೇರೆ.

ಡಬ್ಲ್ಯೂಪಿಎ2ನಲ್ಲಿ ನಾವು ಹೊಡೆಯುವ 8ರಿಂದ 63 ಅಕ್ಷರಗಳ ಪಾಸ್‌ವರ್ಡನ್ನು ನೆಟ್‌ವರ್ಕ್‌ನ ಹೆಸರಿನೊಂದಿಗೆ ಬೆರೆಸಿ 4,096 ಸುತ್ತು ಅರೆದು 256 ಬಿಟ್ ಕೀಲಿ ಮಾಡುತ್ತಾರೆ. ಫೋನು ಸೇರಿಕೊಳ್ಳುವಾಗ ನಡೆಯುವ ನಾಲ್ಕು ಹಂತದ ಹ್ಯಾಂಡ್‌ಶೇಕ್ ಎಂಬ ಪರಸ್ಪರ ಪರಿಶೀಲನೆಯನ್ನು ಯಾರಾದರೂ ಹಿಡಿದುಕೊಂಡು ಹೋದರೆ, ಮನೆಯಲ್ಲಿ ಕೂತು ಎಷ್ಟು ಪಾಸ್‌ವರ್ಡ್ ಬೇಕಾದರೂ ಊಹಿಸಿ ನೋಡಬಹುದು. ಊರಿನ ಹೆಸರು ಮತ್ತು 123 ಎಂಬುದು ಅಂಥವರ ಪಟ್ಟಿಯ ಮೊದಲ ಪುಟದಲ್ಲೇ ಇರುತ್ತದೆ. ಇದು ಎಲ್ಲರೂ ಹೇಳುವ ಕಾರಣ. ಹೋಂಸ್ಟೇಯಲ್ಲಿ ಊಹಿಸುವ ಕಷ್ಟವೂ ಇಲ್ಲ, ಪಾಸ್‌ವರ್ಡನ್ನು ನಾವೇ ಚೀಟಿ ಬರೆದು ಕೊಡುತ್ತೇವೆ. ಪಾಸ್‌ವರ್ಡ್ ಬಲ್ಲ ಅತಿಥಿ ಪಕ್ಕದ ಕೊಠಡಿಯವರ ಹ್ಯಾಂಡ್‌ಶೇಕ್ ಹಿಡಿದರೆ ಅವರ ಗಾಳಿಯ ಮೇಲಿನ ಮಾತನ್ನೆಲ್ಲ ಬಿಡಿಸಬಲ್ಲ. ಬ್ಯಾಂಕು, ಮೇಲ್ ಇವುಗಳಿಗೆ ತಮ್ಮದೇ ಇನ್ನೊಂದು ಪದರದ ರಕ್ಷಣೆ ಇದೆ, ನಿಜ. ಎಲ್ಲಕ್ಕೂ ಇಲ್ಲ. 2018ರಲ್ಲಿ ಬಂದ ಡಬ್ಲ್ಯೂಪಿಎ3ರ ಎಸ್‌ಎಇ ವಿಧಾನದಲ್ಲಿ ಪಾಸ್‌ವರ್ಡ್ ಗೊತ್ತಿದ್ದರೂ ಸುಮ್ಮನೆ ಕೂತು ಕೇಳಿಸಿಕೊಂಡವನಿಗೆ ಏನೂ ಸಿಗುವುದಿಲ್ಲ. ಪ್ರತಿ ಜೋಡಣೆಗೂ ಹೊಸ ಗುಟ್ಟು ಹುಟ್ಟುತ್ತದೆ. ಊಹಿಸುವವನೂ ಪ್ರತಿ ಊಹೆಗೆ ರೂಟರ್‌ನ ಎದುರು ನಿಂತು ಕೇಳಲೇಬೇಕು. ಎದುರಿನವರನ್ನು ನೆಟ್‌ವರ್ಕ್‌ನಿಂದ ಕಿತ್ತೊಗೆಯುವ ಹುಸಿ ಸಂದೇಶಗಳನ್ನು ತಡೆಯುವ ರಕ್ಷಣೆಯೂ ಅದರಲ್ಲಿ ಕಡ್ಡಾಯ.

ಡಬ್ಲ್ಯೂಪಿಎ3 ದೋಷರಹಿತ ಎಂದಲ್ಲ. 2017ರಲ್ಲಿ ಡಬ್ಲ್ಯೂಪಿಎ2ರ ಹ್ಯಾಂಡ್‌ಶೇಕ್‌ನಲ್ಲಿ ಕ್ರ್ಯಾಕ್ ಎಂಬ ದೋಷ ತೋರಿಸಿದ ಬೆಲ್ಜಿಯಂನ ಮ್ಯಾಥಿ ವಾನ್‌ಹೂಫ್ 2019ರಲ್ಲಿ ಇನ್ನೊಬ್ಬ ಸಂಶೋಧಕರೊಂದಿಗೆ ಡಬ್ಲ್ಯೂಪಿಎ3ರಲ್ಲೂ ಡ್ರ್ಯಾಗನ್‌ಬ್ಲಡ್ ಎಂಬ ದೋಷಗಳನ್ನು ಹೊರಗೆಡವಿದರು. ಎರಡಕ್ಕೂ ತಂತ್ರಾಂಶದ ಪರಿಹಾರ ಬಂತು. ಫರ್ಮ್‌ವೇರ್, ಅಂದರೆ ಒಳಗಿನ ತಂತ್ರಾಂಶ, ನವೀಕರಿಸದ ಡಬ್ಬಿಗೆ ಮಾತ್ರ ಯಾವ ಪರಿಹಾರವೂ ತಲುಪುವುದಿಲ್ಲ.

ಮಗನ ಮಾತಿನಂತೆ ಹೊಸ ಆಕ್ಸೆಸ್ ಪಾಯಿಂಟ್ ಒಂದನ್ನು ತರಿಸಿ ಒಂದು ಸಂಜೆ ಡಬ್ಲ್ಯೂಪಿಎ3 ಮಾತ್ರ ಇಟ್ಟು ನೋಡಿದೆವು. ಹೊಸ ಫೋನುಗಳವರು ಸಲೀಸಾಗಿ ಸೇರಿಕೊಂಡರು. ಆಂಡ್ರಾಯ್ಡ್ 10, ಐಒಎಸ್ 13ರಿಂದ ಈಚಿನವುಗಳಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ. ಮೈಸೂರಿನಿಂದ ಬಂದಿದ್ದ ಹಿರಿಯರೊಬ್ಬರ ಫೋನಿಗೆ, ಕೊಠಡಿಯ ಟಿವಿಗೆ, ಅಡುಗೆಮನೆಯ ಟ್ಯಾಬ್ಲೆಟ್‌ಗೆ ನೆಟ್‌ವರ್ಕ್ ಕಂಡರೂ ಹತ್ತಲಿಲ್ಲ. ಎರಡೂ ನಡೆಯುವ ಮಿಶ್ರ ವಿಧಾನಕ್ಕೆ ಬದಲಿಸಿದಾಗ ಇವು ಬಂದವು, ಮಳೆಮಾಪಕ ಹೋಯಿತು. ಮಗ ಹುಟ್ಟುಹಬ್ಬಕ್ಕೆ ಕೊಟ್ಟ ವೈ-ಫೈ ಮಳೆಮಾಪಕವದು. ಅದರ ಅಗ್ಗದ ಚಿಪ್ಪಿಗೆ ಮಿಶ್ರ ಪ್ರಕಟಣೆಯೇ ಅರ್ಥವಾಗಲಿಲ್ಲ. ಮನೆಯ ಅಜ್ಜ ನಕ್ಕರು. ಅಂಗಳದ ಕಂಬದ ಮೇಲಿನ ತಗಡಿನ ಮಾಪಕದಿಂದ ಅಳೆದು ಪುಸ್ತಕದಲ್ಲಿ ಇಂಚಿನ ಲೆಕ್ಕ ಬರೆಯುವುದನ್ನು ಅವರು ಒಂದು ದಿನವೂ ನಿಲ್ಲಿಸಿರಲಿಲ್ಲ.

ಬೇರೆ ಆಯ್ಕೆಗಳನ್ನು ಬೇಗ ಕೈಬಿಟ್ಟೆವು. ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡುವ ಎಂಟರ್‌ಪ್ರೈಸ್ ವಿಧಾನ ಕಾಲೇಜಿಗೆ, ಕಂಪನಿಗೆ ಸರಿ. ಇಲ್ಲಿ ಅದರ ಸರ್ವರ್ ನೋಡಿಕೊಳ್ಳುವವರಿಲ್ಲ. ನೆಟ್‌ವರ್ಕ್‌ನ ಹೆಸರು ಮರೆಮಾಡುವುದು, ಆಯ್ದ ಹಾರ್ಡ್‌ವೇರ್ ವಿಳಾಸಗಳಿಗೆ ಮಾತ್ರ ಬಿಡುವುದು ಬರಿಯ ತೋರಿಕೆ. ಫೋನುಗಳೇ ವಿಳಾಸ ಬದಲಿಸುವ ಕಾಲದಲ್ಲಿ ಅತಿಥಿಗಳಿಗೇ ತೊಂದರೆ. ಪಾಸ್‌ವರ್ಡ್ ಇಲ್ಲದೆಯೇ ಗೂಢಲಿಪಿ ಕೊಡುವ ಎನ್‌ಹ್ಯಾನ್ಸ್ಡ್ ಓಪನ್ ಎಂಬುದಿದೆ, ಆದರೆ ಅದು ರಸ್ತೆಯವರಿಗೂ ತೆರೆದಿರುತ್ತದೆ. 2008ರ ಅಹಮದಾಬಾದ್ ಸರಣಿ ಸ್ಫೋಟದ ಹೊತ್ತಿನ ಭಯೋತ್ಪಾದಕರ ಇ-ಮೇಲ್ ಹೋದದ್ದು ನವಿ ಮುಂಬೈಯ ಮನೆಯೊಂದರ ಅಸುರಕ್ಷಿತ ವೈ-ಫೈಯಿಂದ, ವಿಚಾರಣೆ ಎದುರಿಸಿದ್ದು ಆ ಮನೆಯಲ್ಲಿದ್ದವರು. ಇದನ್ನು ಹೇಳಿದಾಗ ಮಾಲೀಕರು ಮುಂದಿನ ಮಾತು ಕೇಳಲೇ ಇಲ್ಲ.

ಕೊನೆಗೆ ನಿಂತದ್ದು

ಒಂದೇ ನೆಟ್‌ವರ್ಕ್‌ನಲ್ಲಿ ಎಲ್ಲರನ್ನೂ ಮೆಚ್ಚಿಸಲು ಹೋದರೆ ಅತಿ ಹಳೆಯದರ ಮಟ್ಟಕ್ಕೆ ಎಲ್ಲವೂ ಇಳಿಯುತ್ತವೆ. ಅದಕ್ಕಾಗಿ ಮೂರಾಗಿ ಒಡೆದೆವು, ಒಂದರಿಂದ ಇನ್ನೊಂದಕ್ಕೆ ದಾರಿ ಇಲ್ಲ. ಮನೆಯವರ ಮತ್ತು ಕಚೇರಿಯ ನೆಟ್‌ವರ್ಕ್ ಡಬ್ಲ್ಯೂಪಿಎ3 ಮಾತ್ರ. ಅಲ್ಲಿ ಯಂತ್ರಗಳು ಕೆಲವೇ, ಎಲ್ಲವೂ ಹೊಸವು. ಅತಿಥಿಗಳದ್ದು ಮಿಶ್ರ ವಿಧಾನ, ಒಬ್ಬರ ಫೋನಿಗೆ ಇನ್ನೊಬ್ಬರ ಫೋನು ಕಾಣದಂತೆ ಬೇರ್ಪಡಿಸಿದ್ದು. ಮಿಶ್ರದಲ್ಲಿ ಎರಡಕ್ಕೂ ಪಾಸ್‌ವರ್ಡ್ ಒಂದೇ ಆದ್ದರಿಂದ ಡಬ್ಲ್ಯೂಪಿಎ2ರ ದುರ್ಬಲತೆ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳ ಉದ್ದದ ಪಾಸ್‌ವರ್ಡ್ ಇಟ್ಟು, ಚೀಟಿಯಲ್ಲಿ ಕ್ಯೂಆರ್ ಕೋಡ್ ಹಾಕಿದೆವು. ಮಳೆಮಾಪಕ, ಪ್ರಿಂಟರ್‌ಗಳಿಗೆ ಡಬ್ಲ್ಯೂಪಿಎ2 ಎಇಎಸ್ ಮಾತ್ರ ಇರುವ ಮೂರನೆಯದು, ಯಾರಿಗೂ ಹೇಳದ ಪಾಸ್‌ವರ್ಡ್. ಕ್ಯಾಮೆರಾಗಳು ವೈ-ಫೈಯಿಂದಲೇ ಹೊರಗೆ, ತಂತಿಯಲ್ಲಿ. ಡಬ್ಲ್ಯೂಪಿಎಸ್ ಎಲ್ಲೂ ಇಲ್ಲ. ಎಕ್ಸ್‌ಟೆಂಡರ್ ತಿಪ್ಪೆ ಸೇರಿತು.

ಹೆಚ್ಚು ತಲೆ ತಿಂದದ್ದು ಸ್ಟೋರ್‌ನ ಲ್ಯಾಪ್‌ಟಾಪ್. ಹೊಸದು ಕೊಳ್ಳಬಹುದಿತ್ತು, ಚೆಕ್‌ರೋಲ್ ತಂತ್ರಾಂಶ ಅದರಲ್ಲಿ ಓಡುವುದಿಲ್ಲ. ತಾಮ್ರದ ಕೇಬಲ್ ಮತ್ತೆ ಎಳೆದರೆ ಮತ್ತೆ ಸಿಡಿಲು. ನಾನು ಸೂಚಿಸಿದ್ದು ಬಂಗಲೆಯಿಂದ ಸ್ಟೋರ್‌ವರೆಗೆ ಫೈಬರ್ ಎಳೆದು ಎರಡು ತುದಿಗೂ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತಕ್ಕೆ ಬದಲಿಸುವ ಮೀಡಿಯಾ ಕನ್ವರ್ಟರ್ ಕೂರಿಸುವುದನ್ನು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಕಂಬದಿಂದ ಕಂಬಕ್ಕೆ ತೂಗುಬಿಡಲು ಸೇರಿಸುವ ಉಕ್ಕಿನ ತಂತಿ ಇಲ್ಲದ ಕೇಬಲನ್ನೇ ಆರಿಸಬೇಕು, ಇಲ್ಲವಾದರೆ ಸಿಡಿಲಿಗೆ ಅದೇ ದಾರಿ. ಮಾಲೀಕರು ಬೆಲೆ ಕೇಳಿದರು. ಎರಡು ಕನ್ವರ್ಟರ್‌ಗಳದ್ದು ಅವರ ಒಂದು ಕಾಟೇಜಿನ ಒಂದು ರಾತ್ರಿಯ ಬಾಡಿಗೆಗಿಂತ ಕಡಿಮೆ. ಲ್ಯಾಪ್‌ಟಾಪಿನ ವೈ-ಫೈ ಕಾರ್ಡನ್ನು ಬಿಚ್ಚಿ ತೆಗೆದೆ. ಎಕ್ಸ್‌ಪಿಗೆ 2014ರಿಂದ ಭದ್ರತಾ ನವೀಕರಣ ನಿಂತಿರುವುದರಿಂದ ಅದಕ್ಕೆ ಇಂಟರ್‌ನೆಟ್ ದಾರಿಯನ್ನೂ ಮುಚ್ಚಿ, ಕಚೇರಿಯ ಒಂದು ಫೋಲ್ಡರ್‌ಗೆ ಮಾತ್ರ ಬರೆಯಲು ಬಿಟ್ಟೆ.

ಆಮೇಲಿನ ಏಪ್ರಿಲ್‌ನಲ್ಲಿ ಕಣದ ಪಕ್ಕದ ಮರಕ್ಕೇ ಸಿಡಿಲು ಬಡಿಯಿತು. ವಿದ್ಯುತ್ ತಂತಿಯ ಮೂಲಕ ಬಂದ ಪೆಟ್ಟಿಗೆ ಸ್ಟೋರ್‌ನ ಕನ್ವರ್ಟರ್ ಹೋಯಿತು, ಫೈಬರ್‌ನ ಈಚೆ ಬದಿಗೆ ಏನೂ ಆಗಲಿಲ್ಲ. ಕ್ಯಾಮೆರಾ ರೆಕಾರ್ಡರ್‌ನ ಲಾಗ್‌ನಲ್ಲಿ ಅಪರಿಚಿತ ಪ್ರವೇಶ ಮತ್ತೆ ಕಂಡಿಲ್ಲ. ಅತಿಥಿ ಪಾಸ್‌ವರ್ಡನ್ನು ಮಳೆಗಾಲದ ಆರಂಭಕ್ಕೆ ಮತ್ತು ಕೊಯ್ಲಿಗೆ ಮುನ್ನ ಬದಲಿಸುವುದು ಮನೆಯ ಅಕ್ಕನ ಜವಾಬ್ದಾರಿ, ಚೀಟಿ ಹೊಸದಾಗಿ ಅಚ್ಚಾಗುತ್ತದೆ. ಗೇಟಿನ ಫಲಕದ ನಂಬರ್ ಹಾಗೆಯೇ ಇದೆ, ಅದು ಈಗ ಬರಿಯ ಫೋನ್ ನಂಬರ್.

ಬಾಕಿ ಉಳಿದಿರುವುದು ಕಾಟೇಜ್‌ಗಳ ಎರಡು ಹಳೆಯ ಆಕ್ಸೆಸ್ ಪಾಯಿಂಟ್‌ಗಳು. ಅವುಗಳಿಗೆ ಡಬ್ಲ್ಯೂಪಿಎ3 ಫರ್ಮ್‌ವೇರ್ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಸದ್ಯ ಡಬ್ಲ್ಯೂಪಿಎ2 ಎಇಎಸ್‌ನಲ್ಲಿವೆ. ಈ ಸಲದ ಕಾಫಿ ಮಾರಾಟವಾದ ಮೇಲೆ ಬದಲಿಸೋಣ ಎಂದಿದ್ದಾರೆ ಮಾಲೀಕರು. ಮಾದರಿ ಸಂಖ್ಯೆ ಬರೆದ ಚೀಟಿ ರೈಟರ್ ಅವರ ಚೆಕ್‌ರೋಲ್ ಪುಸ್ತಕದ ಹಿಂದಿನ ಪುಟದಲ್ಲಿ ಅಂಟಿಕೊಂಡಿದೆ.